ಹಿಮನದಿ ಕೊರೆದ ಕೇದಾರ ಕಣಿವೆ

ಜೀವಮಾನದಲ್ಲಿ ಒಮ್ಮೆಯಾದರೂ ಕೇದಾರನಾಥನ ದರ್ಶನ ಮಾಡಬೇಕೆಂಬುದು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಅನೇಕ ಹಿರಿಯರ ಹಂಬಲ. ಕಬ್ಬಿನ ಕಟಾವು ಮುಗಿದು ಕೈಗೆ ನಾಲ್ಕು ಕಾಸು ಬಂದಾಗ ಮನೆಗಳಲ್ಲಿ ಯಾತ್ರೆಯ ಮಾತು ಏಳುತ್ತದೆ. ಪಂಚಪೀಠಗಳಲ್ಲೊಂದಾದ ಹಿಮವತ್ಕೇದಾರ ಪೀಠವು ಊಖೀಮಠದಲ್ಲಿದೆ. ಕೇದಾರದ ರಾವಲ್ ಪದವಿಯು ವೀರಶೈವ ಪರಂಪರೆಯವರಿಗೆ ಸಲ್ಲುತ್ತ ಬಂದಿದೆ. ಹೀಗಾಗಿ ಎರಡು ಸಾವಿರ ಕಿ.ಮೀ.ಗೂ ಮಿಕ್ಕ ದೂರದಲ್ಲಿರುವ ಆ ಕ್ಷೇತ್ರ ನಮಗೆ ಪರಸ್ಥಳವೆನಿಸುವುದಿಲ್ಲ.

ಆದರೆ 2013ರ ಜೂನ್ ತಿಂಗಳ ಪ್ರಳಯದ ನಂತರ ಹಂಬಲದ ಜೊತೆಗೆ ಅಳುಕೂ ಸೇರಿಕೊಂಡಿದೆ. ನಮ್ಮ ಮನೆಯಲ್ಲೂ ಅದೇ ಆಯಿತು. ನಾವು ಹಳೆಯ ಸುದ್ದಿಯನ್ನೆಲ್ಲ ನೆನಪಿಸಿ ಬೇಡವೆಂದಾಗ ಅವ್ವ ಹೇಳಿದರು: "ಸತ್ತೋರ ಲೆಕ್ಕ ಹೇಳ್ಬೇಡ ಕಣಪ್ಪ, ಯಾವಾಗ ಹೋದ್ರೆ ಒಳ್ಳೇದು ಅದ್ ಹೇಳು." ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಆ ಕಣಿವೆ ಹೇಗೆ ರೂಪುಗೊಂಡಿತೆಂಬುದನ್ನು ಮೊದಲು ಅರಿಯಬೇಕಾಯಿತು. ನಾವು ಅರಿತುಕೊಂಡದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನೀರಿನ ಉಳಿ, ಹಿಮದ ಉಜ್ಜುಗೊರಡು

ನಮ್ಮ ಸೀಮೆಯಲ್ಲಿ ಕಲ್ಲನ್ನು ಕೊರೆಯುವುದು ನೀರು. ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯಲ್ಲಿ ಕಾವೇರಿಯು ಕಗ್ಗಲ್ಲನ್ನು ಸೀಳಿ ಧುಮುಕುವುದನ್ನು ನೋಡದವರು ವಿರಳ. ನದಿಯು ತನ್ನ ತಳವನ್ನು ಮಾತ್ರ ಉಳಿಯಂತೆ ಕೊರೆಯುತ್ತದೆ. ಆದ್ದರಿಂದ ನದಿ ಕೊರೆದ ಬೆಟ್ಟದ ಕಣಿವೆ ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿ ಆಲಿಕೆಯಂತೆ ಕಾಣುತ್ತದೆ. ಇಲ್ಲಿನ ಗುಂಡುಬೆಟ್ಟಗಳನ್ನಾದರೋ ಬಿಸಿಲು ಮಳೆಗಳು ಪದರ ಪದರವಾಗಿ ಸುಲಿದು ನುಣುಪಾಗಿಸಿವೆ.

ಹಿಮಾಲಯದ ಮೇಲ್ಭಾಗದಲ್ಲಿ ಕೆಲಸ ಮಾಡುವ ಶಿಲ್ಪಿ ಬೇರೆ. ಅಲ್ಲಿ ಬಿದ್ದ ಹಿಮವೆಲ್ಲ ಬೇಸಿಗೆಯಲ್ಲಿ ಕರಗುವುದಿಲ್ಲ. ವರ್ಷದ ಮೇಲೆ ವರ್ಷದ ಹಿಮ ಬಿದ್ದು, ಮೇಲಿನ ಭಾರಕ್ಕೆ ಕೆಳಗಿನದು ಅದುಮಿ ಗಟ್ಟಿಯಾದ ಗಡ್ಡೆಯಾಗುತ್ತದೆ. ಗಡ್ಡೆ ದಪ್ಪವಾದಂತೆ ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಚಲಿಸತೊಡಗುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಸುರಿದ ಬೆಲ್ಲದ ಪಾಕ ನೀರಿನಂತೆ ಓಡದೆ ಮೆಲ್ಲಗೆ ಸರಿಯುವುದಲ್ಲವೇ? ಹಿಮನದಿಯ ನಡೆ ಅದಕ್ಕಿಂತಲೂ ಅತಿ ಮಂದ, ಕಣ್ಣಿಗೆ ಕಾಣದು.

ಹಿಮನದಿ ಬೆಟ್ಟವನ್ನು ಎರಡು ಬಗೆಯಲ್ಲಿ ಸವೆಸುತ್ತದೆ. ಕರಗಿದ ನೀರು ಬಂಡೆಯ ಬಿರುಕಿಗಿಳಿದು ಮತ್ತೆ ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಹೀಗೆ ಸಡಿಲಗೊಂಡ ಬಂಡೆಯನ್ನು ಮುಂದೆ ಸರಿಯುವ ಹಿಮ ಕಿತ್ತೊಯ್ಯುತ್ತದೆ. ಕಿತ್ತ ಕಲ್ಲುಗಳು ಹಿಮದ ತಳದಲ್ಲಿ ಸಿಕ್ಕಿಕೊಂಡು ನೆಲದ ಬಂಡೆಯನ್ನು ಉಜ್ಜುತ್ತ, ಗೀರುತ್ತ ಸಾಗುವುದು ಎರಡನೆಯ ಬಗೆ. ಬೀಸುವ ಕಲ್ಲಿನಿಂದ ಉದುರಿದಂತೆ ಅಲ್ಲಿ ನುಣ್ಣನೆಯ ಕಲ್ಲಿನ ಹಿಟ್ಟು ಬೀಳುತ್ತದೆ. ಹಿಮನದಿಯಿಂದ ಹೊರಡುವ ಹೊಳೆಗಳು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿರಲು ಈ ಹಿಟ್ಟೇ ಕಾರಣ.

ಹಿಮವು ಕಣಿವೆಯ ತಳವನ್ನಷ್ಟೇ ಅಲ್ಲ, ಪಕ್ಕಗಳನ್ನೂ ತುಂಬಿಕೊಂಡು ಸವೆಸುವುದರಿಂದ ಕಣಿವೆ ತೊಟ್ಟಿಯಂತೆ ಅಗಲವಾಗುತ್ತದೆ. ಶಿಖರದ ಸುತ್ತ ಹಲವು ಕಡೆಯಿಂದ ಹಿಮ ಕೊರೆದರೆ ಉಳಿಯುವುದು ಚೂಪಾದ ಕೋಡು ಮಾತ್ರ. ಗೋಮುಖದ ಬಳಿ 6,543 ಮೀಟರ್ ಎತ್ತರಕ್ಕೆ ನಿಂತಿರುವ ಶಿವಲಿಂಗ ಶಿಖರ ಇಂತಹ ಕೆತ್ತನೆಯ ಫಲ.

ಕೇದಾರ ನಿಂತ ನೆಲ

ಕೇದಾರನಾಥ ದೇಗುಲ ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಅದರ ಹಿಂದೆ ಚೋರಾಬಾರಿ ಹಿಮನದಿ. ಅದರಿಂದಲೇ ಮಂದಾಕಿನಿಯ ಹುಟ್ಟು. ಸುಮಾರು 13 ಸಾವಿರ ವರ್ಷಗಳ ಹಿಂದೆ ಈ ಹಿಮನದಿ ದೇಗುಲದ ಸ್ಥಳವನ್ನೂ ದಾಟಿ ರಾಂಬಾಡದವರೆಗೆ ಚಾಚಿತ್ತೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಯಾತ್ರಿಕರು ಇದನ್ನು ಕಣ್ಣಾರೆ ಕಾಣಬಹುದು: ಗೌರಿಕುಂಡದಿಂದ ಇಕ್ಕಟ್ಟಾಗಿರುವ ಕಣಿವೆ ರಾಂಬಾಡದಿಂದ ಮೇಲಕ್ಕೆ ವಿಶಾಲವಾಗಿ ತೆರೆದುಕೊಳ್ಳುತ್ತದೆ.

ಹಿಂದೆ ಸರಿಯುವಾಗ ಹಿಮನದಿ ತಾನು ಹೊತ್ತು ತಂದ ಕಲ್ಲು, ಮರಳು, ಮಣ್ಣನ್ನು ಇಕ್ಕೆಲಗಳಲ್ಲಿ ಒಡ್ಡಿನಂತೆ ಬಿಟ್ಟುಹೋಗುತ್ತದೆ. ಕ್ಷೇತ್ರ ನಿಂತಿರುವುದು ಅಖಂಡ ಬಂಡೆಯ ಮೇಲಲ್ಲ, ಹಿಮನದಿಯ ಹೊಳೆಗಳು ಹರಡಿದ ಈ ಕಲ್ಲುಮಣ್ಣಿನ ಮೇಲೆ. ಒಡ್ಡು ನೋಡಲು ನಮ್ಮ ಕೆರೆಯ ಏರಿಯಂತಿರುತ್ತದೆ. ಆದರೆ ಅದನ್ನು ಯಾರೂ ಧಮ್ಮಸ್ಸು ಮಾಡಿ ಕಟ್ಟಿದ್ದಲ್ಲ, ಅದಕ್ಕೆ ತೂಬಿಲ್ಲ, ಕೋಡಿಯಿಲ್ಲ.

ದೇಗುಲದಿಂದ ಸುಮಾರು ಎರಡು ಕಿ.ಮೀ. ಮೇಲೆ ಇಂತಹ ಒಡ್ಡಿನ ಮರೆಯಲ್ಲಿದ್ದುದೇ ಚೋರಾಬಾರಿ ಸರೋವರ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದಂಶವನ್ನು ಅಲ್ಲಿ ವಿಸರ್ಜಿಸಿದ್ದರಿಂದ ಗಾಂಧಿ ಸರೋವರವೆಂಬ ಹೆಸರೂ ಬಂದಿತ್ತು. 2013ರ ಜೂನ್ ಮಧ್ಯದಲ್ಲಿ ಮುಂಗಾರು ಅವಧಿಗೆ ಮೊದಲೇ ಬಂದು ಬಿಡದೆ ಸುರಿಯಿತು, ಹಿಮವೂ ಕರಗಿತು. 16ರ ಸಂಜೆ ಒಂದು ಪ್ರವಾಹ ಬಂದಿತು. 17ರ ಬೆಳಿಗ್ಗೆ ಒಡ್ಡು ಒಡೆದು, ಸರೋವರದ ನೀರೆಲ್ಲ ಬಂಡೆಗಳನ್ನು ಹೊತ್ತು ಕೆಳಗಿಳಿಯಿತು. ರಾಂಬಾಡ ನಾಮಾವಶೇಷವಾಯಿತು. ಉತ್ತರಾಖಂಡದಲ್ಲಿ ಸಾವಿರಾರು ಜನ ಮಡಿದರು. ದೇಗುಲದ ಹಿಂದೆ ಬಂದು ನಿಂತ ಹೆಬ್ಬಂಡೆಯೊಂದು ಪ್ರವಾಹವನ್ನು ಇಬ್ಭಾಗಿಸಿದ್ದರಿಂದ ದೇಗುಲ ಉಳಿಯಿತು. ಭಕ್ತರು ಅದನ್ನು ಭೀಮಶಿಲೆಯೆನ್ನುತ್ತಾರೆ.

ಯಾತ್ರೆಗೆ ಹೊರಡುವವರಿಗೆ

ಮೇಲಿನ ಸಂಗತಿಗಳಿಂದ ಹೊರಡುವ ಬುದ್ಧಿಮಾತು ಸರಳ. ಸಡಿಲವಾದ ಕಲ್ಲುಮಣ್ಣಿನ ಆ ಸೀಮೆಗೆ ಮಳೆಯೇ ದೊಡ್ಡ ಗಂಡಾಂತರ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಮಳೆಗಾಲವನ್ನು ಬಿಡುವುದು ಲೇಸು. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ತಿಂಗಳು ಹಿತಕರ. ಚಳಿ ಹೆಚ್ಚಾದರೂ ಆಕಾಶ ತಿಳಿಯಾಗಿರುತ್ತದೆ. ಹೊಳೆಯ ದಂಡೆಯಲ್ಲಿ ಬಿಡಾರ ಹೂಡಬಾರದು. ಹವಾಮಾನದ ಎಚ್ಚರಿಕೆ ಬಂದರೆ, ದರ್ಶನ ಒಂದು ದಿನ ತಡವಾದರೂ ಚಿಂತೆಯಿಲ್ಲ, ಇದ್ದಲ್ಲಿಯೇ ತಂಗಬೇಕು. ಗಾಳಿ ತೆಳುವಾಗಿರುವ ಎತ್ತರವಾದ್ದರಿಂದ ಹೃದಯದ ತೊಂದರೆ, ರಕ್ತದೊತ್ತಡ ಇರುವ ಹಿರಿಯರು ವೈದ್ಯರ ಸಲಹೆ ಪಡೆದೇ ಹೊರಡಬೇಕು. ದಾರಿಯಲ್ಲಿ ಗುಪ್ತಕಾಶಿಯಂತಹ ಊರಿನಲ್ಲಿ ಒಂದೆರಡು ರಾತ್ರಿ ತಂಗಿ ದೇಹವನ್ನು ಒಗ್ಗಿಸಿಕೊಳ್ಳಬೇಕು.

ಇದನ್ನೆಲ್ಲ ಅವ್ವನಿಗೆ ವಿವರಿಸಿದೆವು. ಶಿವನ ಸನ್ನಿಧಿಗೆ ಹೋಗಲು ಭಯ ಬೇಕಿಲ್ಲ, ಅವನ ಬೆಟ್ಟದ ರೀತಿನೀತಿ ತಿಳಿದಿರಬೇಕು ಎಂಬುದು ನಮಗೂ ಮನದಟ್ಟಾಯಿತು. ಅವ್ವ ಎಲ್ಲವನ್ನೂ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಅಕ್ಟೋಬರ್ ತಿಂಗಳ ಹಾಳೆಯನ್ನು ತೆಗೆದು ನೋಡತೊಡಗಿದರು.