ಮಳೆಗೆ ತೊಳೆದುಹೋಗದ ಉಪ್ಪು

ಫೋರ್ಡ್ ಕಂಪನಿಯ ಮಾಡೆಲ್ ಎ ಕಾರು ಮಾರುಕಟ್ಟೆಗೆ ಬಂದದ್ದು 1927ರ ಕೊನೆಯಲ್ಲಿ. ತಗಡಿನ ಬಾಡಿಯನ್ನು ಉಕ್ಕಿನ ಚಾಸಿಯ ಮೇಲೆ ಕೂರಿಸುವಾಗ ನಡುವೆ ಅಲ್ಲಲ್ಲಿ ಮರದ ತುಂಡು ಇಟ್ಟು ಬೋಲ್ಟ್ ಬಿಗಿಯುತ್ತಿದ್ದರು. ಹಳ್ಳ ದಿಣ್ಣೆಯ ರಸ್ತೆಯಲ್ಲಿ ಚಾಸಿ ಅಷ್ಟಿಷ್ಟು ತಿರುಚಿಕೊಳ್ಳುತ್ತದೆ. ಲೋಹ ಲೋಹಕ್ಕೆ ನೇರ ತಾಗಿದ್ದರೆ ಕಿರುಗುಟ್ಟಿ ಕೊನೆಗೆ ತಗಡೇ ಬಿರಿಯುತ್ತದೆ. ಆ ಅದುರಾಟವನ್ನು ನುಂಗಿಕೊಳ್ಳುವುದು ಮರದ ಕೆಲಸ. ಮರಕ್ಕೆ ಫೋರ್ಡ್ ಕಂಪನಿಗೆ ಬರವಿರಲಿಲ್ಲ. ಮಿಶಿಗನ್ ರಾಜ್ಯದ ಐರನ್ ಮೌಂಟನ್‌ನಲ್ಲಿ ಅದರದೇ ಸಾಮಿಲ್ಲು ಇತ್ತು. ಅಲ್ಲಿ ಉಳಿದ ಚೂರುಪಾರನ್ನೂ ಬಿಡದೆ ಇದ್ದಿಲ ಬಿಲ್ಲೆ ಮಾಡಿ ಮಾರುತ್ತಿದ್ದರು!

ಇಂದು ಅಮೆರಿಕದಲ್ಲಿ ಅಂಥ ಕಾರನ್ನು ರಿಪೇರಿಗೆ ಬಿಚ್ಚುವವರಿಗೆ ಮೊದಲು ಸುಳಿವು ಕೊಡುವುದು ಬಾಗಿಲು. ಮೇಲಿನ ಮೂಲೆ ಒತ್ತಿಕೊಂಡಿರುತ್ತದೆ, ಕೆಳಗಿನ ಸಂದು ಅಗಲವಾಗಿರುತ್ತದೆ. ಕೀಲು ಸವೆದಿದೆ ಎಂದು ಕೀಲು ಬದಲಿಸಿದರೂ ಬಾಗಿಲು ಸರಿಹೋಗುವುದಿಲ್ಲ. ಕಾರಿನಡಿ ಮಲಗಿ ಟಾರ್ಚ್ ಹಾಯಿಸಿದರೆ ಮರದ ತುಂಡುಗಳು ನೋಡಲು ಗಟ್ಟಿಯಾಗಿಯೇ ಇರುತ್ತವೆ. ದಬ್ಬಳದಿಂದ ಚುಚ್ಚಿದರೆ ಮಾತ್ರ ಗುಟ್ಟು ರಟ್ಟಾಗುತ್ತದೆ: ಬೆಣ್ಣೆಗೆ ಇಳಿದಂತೆ ದಬ್ಬಳ ಒಳಗಿಳಿಯುತ್ತದೆ. ನೀರು ಬೋಲ್ಟಿನ ಗುಂಟ ಇಳಿದು ತೂತಿನ ಸುತ್ತ ನಿಂತು ಮರವನ್ನು ಒಳಗಿನಿಂದ ತಿಂದಿರುತ್ತದೆ.

ನೀರು ಎಂದದ್ದು ಪೂರ್ತಿ ಸರಿಯಲ್ಲ. ಮರವನ್ನು ತಿನ್ನುವುದು ಶಿಲೀಂಧ್ರ. ನೀರು ಅದಕ್ಕೆ ದಾರಿ ಮಾಡಿಕೊಡುತ್ತದೆ, ಅಷ್ಟೆ. ಮರದಲ್ಲಿ ತೇವ ಶೇಕಡ 20ಕ್ಕಿಂತ ಕಡಿಮೆ ಇದ್ದರೆ ಶಿಲೀಂಧ್ರ ಬೆಳೆಯದು. ಕೊಳೆಯುವಿಕೆಗೆ ಶಿಲೀಂಧ್ರವೇ ಕಾರಣವೆಂದು ಬಿಡಿಸಿ ತೋರಿಸಿದವರು ಜರ್ಮನಿಯ ರಾಬರ್ಟ್ ಹಾರ್ಟಿಗ್, 1870ರ ದಶಕದಲ್ಲಿ. ವಿಚಿತ್ರವೆಂದರೆ ರೋಗ ಯಾವುದೆಂದು ತಿಳಿಯುವ ಮೊದಲೇ ಮದ್ದು ಬಂದಿತ್ತು. ಇಂಗ್ಲೆಂಡಿನ ಜಾನ್ ಬೆಥೆಲ್ 1838ರಲ್ಲೇ ಮರವನ್ನು ಸಿಲಿಂಡರಿನಲ್ಲಿ ಮುಚ್ಚಿ, ಗಾಳಿ ಹೀರಿ, ಕ್ರಿಯೊಸೋಟ್ ಎಣ್ಣೆಯನ್ನು ಒತ್ತಡದಲ್ಲಿ ತುಂಬುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ರೈಲು ಹಳಿಯಡಿಯ ದಿಮ್ಮಿಗಳಿಗೆ ಅದು ಹೇಳಿಮಾಡಿಸಿದ ಮದ್ದು. ಆದರೆ ಕಮಟು ವಾಸನೆ, ಮೇಲೆ ಬಣ್ಣ ನಿಲ್ಲದು, ಬಿಸಿಲಿಗೆ ಜಿನುಗುತ್ತದೆ. ಮನೆಗೆ, ಗಾಡಿಗೆ ಅದು ಒಗ್ಗುವುದಿಲ್ಲ.

ಹಾಗಾದರೆ ನೀರಿನಲ್ಲಿ ಕರಗುವ ಲವಣಗಳನ್ನು ಕುಡಿಸಿದರಾಯಿತಲ್ಲ? ಪಾದರಸದ ಲವಣ, ಸತುವಿನ ಲವಣ ಎಲ್ಲವನ್ನೂ 1830ರ ದಶಕದಲ್ಲೇ ಪ್ರಯತ್ನಿಸಿದ್ದರು. ನೀರಿನಲ್ಲಿ ಕರಗಿ ಒಳಗೆ ಹೋದದ್ದು ಮಳೆಯ ನೀರಿನಲ್ಲಿ ಕರಗಿ ಹೊರಗೂ ಬರುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದರೂ ಆಷಾಢದ ಮಳೆ ನಿಲ್ಲಗೊಡದು. ಅದಕ್ಕೇ ರಾಳದ ಅಂಟು ಬೆರೆಸುವುದು. ಗೊನೆಯ ಮೇಲೆ ಅಂಟು ನಿಂತೀತು. ಮರದ ಎಳೆಯೊಳಗೆ ಲವಣ ನಿಲ್ಲಿಸುವ ಅಂಟು ಯಾವುದು?

ಉತ್ತರ ಸಿಕ್ಕಿದ್ದು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ, ಸೊಂಟಿ ಕಾಮೇಶಂ ಎಂಬವರಿಗೆ, 1933ರಲ್ಲಿ. ಅದಕ್ಕೆ ಮುಂಚೆ ಅವರು ಜರ್ಮನಿಯ ರಿಚರ್ಡ್ ಫಾಲ್ಕ್ ಜೊತೆ ಆರ್ಸೆನಿಕ್, ಕ್ರೋಮಿಯಂ ಬೆರೆಸಿದ ಮದ್ದೊಂದನ್ನು ಮಾಡಿದ್ದರು. ಈಗ ಅದಕ್ಕೆ ತಾಮ್ರವನ್ನೂ ಸೇರಿಸಿದರು. ಆರ್ಸೆನಿಕ್ ಪೆಂಟಾಕ್ಸೈಡ್ ಒಂದು ಭಾಗ, ತಾಮ್ರದ ಲವಣವಾದ ಮೈಲುತುತ್ತ ಮೂರು ಭಾಗ, ಕ್ರೋಮಿಯಂನ ಲವಣವಾದ ಡೈಕ್ರೋಮೇಟ್ ನಾಲ್ಕು ಭಾಗ. ತಾಮ್ರ ಶಿಲೀಂಧ್ರವನ್ನು ಕೊಲ್ಲುತ್ತದೆ. ಆರ್ಸೆನಿಕ್ ಗೆದ್ದಲನ್ನೂ ತಾಮ್ರಕ್ಕೆ ಬಗ್ಗದ ಕೆಲವು ಶಿಲೀಂಧ್ರಗಳನ್ನೂ ನೋಡಿಕೊಳ್ಳುತ್ತದೆ. ಹೆಚ್ಚು ಪಾಲು ಪಡೆದ ಕ್ರೋಮಿಯಂ ಮಾತ್ರ ಯಾರನ್ನೂ ಕೊಲ್ಲಲು ಬಂದದ್ದಲ್ಲ. ಮರದೊಳಗೆ ಹೊಕ್ಕ ಮೇಲೆ ಮರದ ಜೊತೆಗೇ ವರ್ತಿಸಿ ಅದರ ರೂಪ ಬದಲಾಗುತ್ತದೆ, ದ್ರಾವಣದ ಆಮ್ಲತೆ ಇಳಿಯುತ್ತದೆ, ಆಗ ತಾಮ್ರವೂ ಆರ್ಸೆನಿಕ್ಕೂ ಕರಗದ ಸಂಯುಕ್ತಗಳಾಗಿ ಅಲ್ಲೇ ಕೂರುತ್ತವೆ. ಹೋಗುವಾಗ ನೀರಿನಲ್ಲಿ ಕರಗುವ, ಹೋದ ಮೇಲೆ ಕರಗದ ಮದ್ದು. ನನಗೆ ಇದರಲ್ಲಿ ಮೆಚ್ಚುಗೆಯಾಗುವುದು ವಿಷದ ಆಯ್ಕೆಯಲ್ಲ. ವಿಷವಲ್ಲದ ಕೆಲಸಕ್ಕೆ ಅರ್ಧ ಪಾಲು ಬಿಟ್ಟುಕೊಟ್ಟ ಧೈರ್ಯ.

ಆರ್ಸೆನಿಕ್ ಮತ್ತು ತಾಮ್ರದ ರಾಸಾಯನಿಕ ಸಂಕೇತಗಳನ್ನು ಜೋಡಿಸಿ ಆ ಮದ್ದನ್ನು ಆಸ್ಕು ಎಂದು ಕರೆದರು. 1938ರಲ್ಲಿ ಅಮೆರಿಕದ ಪೇಟೆಂಟೂ ಬಂತು. ಅದನ್ನು ಕುಡಿದ ಹಸಿರು ಛಾಯೆಯ ಮರ ಅಮೆರಿಕದ ಟೆಲಿಫೋನ್ ಕಂಬವಾಯಿತು, ಬೇಲಿಯಾಯಿತು, ಮಕ್ಕಳ ಆಟದ ಜಾರುಬಂಡೆಗೆ ಚೌಕಟ್ಟಾಯಿತು. ಅಲ್ಲಿಗೇ ತಕರಾರೂ ಹುಟ್ಟಿತು. ಆಡುವ ಮಕ್ಕಳ ಕೈಗೆ ಆರ್ಸೆನಿಕ್ ಅಂಟುತ್ತದೆಂಬ ಚಿಂತೆಯಿಂದ, ಮನೆ ಬಳಕೆಯ ಮರಕ್ಕೆ ಈ ಮದ್ದು ಹಾಕುವುದನ್ನು ಅಲ್ಲಿನ ತಯಾರಕರು 2003ರ ಕೊನೆಗೆ ನಿಲ್ಲಿಸಿದರು. ಬದಲಿಗೆ ಬಂದ ಮದ್ದುಗಳಲ್ಲಿ ಆರ್ಸೆನಿಕ್ ಇಲ್ಲ, ಕ್ರೋಮಿಯಂ ಇಲ್ಲ, ತಾಮ್ರ ಮಾತ್ರ ಮೊದಲಿಗಿಂತ ಜಾಸ್ತಿ.

ಹಳೇ ಕಾರಿನವರು ಎಡವುವುದು ಇಲ್ಲಿ. ಕೊಳೆತ ತುಂಡಿಗೆ ಬದಲು ಕೊಳೆಯದ ಮರವೇ ಇರಲೆಂದು ಅಂಗಡಿಯಿಂದ ಮದ್ದುಂಡ ಹಲಗೆ ತಂದು ಕೊಯ್ಯಬೇಕೆನಿಸುವುದು ಸಹಜ. ಮೈಲುತುತ್ತದ ನೀರಿಗೆ ಕಬ್ಬಿಣದ ಮೊಳೆ ಹಾಕಿದರೆ ಮೊಳೆಯ ಮೇಲೆ ತಾಮ್ರ ಕೆಂಪಗೆ ಕೂರುವುದನ್ನು ಹೈಸ್ಕೂಲಿನಲ್ಲಿ ನೋಡಿದ್ದೇವೆ. ಅಲ್ಲಿ ತಾಮ್ರ ಬಂದಷ್ಟೂ ಕಬ್ಬಿಣ ಕರಗಿ ಹೋಗುತ್ತದೆ. ತೇವಗೊಂಡ ಹೊಸ ಮದ್ದಿನ ಮರದೊಳಗೂ ಅದೇ ನಡೆಯುತ್ತದೆ. ಈ ಮರಕ್ಕೆ ಬಿಸಿ ಸತುವಿನಲ್ಲಿ ಅದ್ದಿದ ಮೊಳೆ ಅಥವಾ ಸ್ಟೇನ್‌ಲೆಸ್ ಮೊಳೆಯನ್ನೇ ಬಳಸಿ, ಅಲ್ಯೂಮಿನಿಯಂ ತಾಗಿಸಬೇಡಿ ಎಂದು ಎಚ್ಚರಿಸುವುದು ಅದಕ್ಕೇ. ಕಾರಿನ ಚಾಸಿಯಂತೂ ಬರೀ ಉಕ್ಕು. ಮರ ಉಳಿದು ಬೋಲ್ಟ್ ಹೋದರೆ ಏನು ಬಂತು? ಸಾಲದ್ದಕ್ಕೆ ಮದ್ದು ಹಲಗೆಯ ತಿರುಳಿನವರೆಗೆ ಹೋಗಿರುವುದಿಲ್ಲ. ಕೊಯ್ದು ತೂತು ಹೊಡೆದಾಗ ಬೋಲ್ಟಿಗೆ ಎದುರಾಗುವುದು ಬಹುತೇಕ ಮದ್ದು ಕಾಣದ ಮರವೇ.

ಅದಕ್ಕಿಂತ ಮದ್ದಿಲ್ಲದ ಬಿಳಿ ಓಕ್ ಮರ ವಾಸಿ. ಕೆಂಪು ಓಕ್‌ನ ಗೇಣುದ್ದದ ತುಂಡಿನ ಒಂದು ತುದಿಯನ್ನು ಸೋಪಿನ ನೀರಿನಲ್ಲಿ ಅದ್ದಿ ಇನ್ನೊಂದು ತುದಿಯಿಂದ ಊದಿ ನೋಡಿ, ಗುಳ್ಳೆ ಏಳುತ್ತವೆ. ಅದರ ನಾಳಗಳು ಅಷ್ಟು ತೆರೆದಿರುತ್ತವೆ. ಬಿಳಿ ಓಕ್ ತನ್ನ ನಾಳಗಳನ್ನು ತಾನೇ ಮುಚ್ಚಿಕೊಂಡಿರುತ್ತದೆ, ಪೀಪಾಯಿ ಮಾಡುವವರು ಅದನ್ನೇ ಹುಡುಕುವುದೂ ಇದರಿಂದಲೇ. ಆದರೂ ಓಕ್‌ನ ಆಮ್ಲ ಉಕ್ಕಿಗೆ ಒಳ್ಳೆಯದಲ್ಲ. ತೂತನ್ನು ತುಸು ದೊಡ್ಡದಾಗಿ ಕೊರೆದು, ಒಳಮೈಗೂ ಎರಡು ತುದಿಗೂ ತೆಳು ಎಪಾಕ್ಸಿಯನ್ನು ಮರ ಹೀರುವುದು ನಿಲ್ಲಿಸುವವರೆಗೆ ಬಳಿಯಬೇಕು. ದಪ್ಪದ ಅಳತೆಯನ್ನು ಹಳೇ ತುಂಡಿನಿಂದ ತೆಗೆಯಬಾರದು. ಅದು ದಶಕಗಟ್ಟಲೆ ಭಾರ ಹೊತ್ತು ಕುಗ್ಗಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಕೀಳದೆ ಒಂದೊಂದಾಗಿ ಬದಲಿಸಿ, ಬಾಗಿಲು ಮುಚ್ಚಿ ಸಂದು ನೋಡಿ, ಬೇಕಾದಲ್ಲಿ ತೆಳು ಪಟ್ಟಿ ಇಟ್ಟು ಬೋಲ್ಟ್ ಬಿಗಿಯುತ್ತಾರೆ. ಕೆಲವು ದಿನ ಓಡಿಸಿದ ಮೇಲೆ ಮರ ಕೂತುಕೊಂಡಿರುತ್ತದೆ, ಆಗ ಇನ್ನೊಮ್ಮೆ ಸ್ಪ್ಯಾನರ್ ಹಿಡಿಯಬೇಕು.