ಇಲಿಗೆ ತಾಳ ಗೊತ್ತಿತ್ತು... ಕರುಣೆ ಗೊತ್ತಿರಲಿಲ್ಲ!

ನೋಡ್ರಿ ಗೆಳೆಯರೇ, ಘೋಡಗೇರಿಯ ನಮ್ಮ ಮನೆ ಪಡಸಾಲೆಯಲ್ಲಿ ಮೊನ್ನೆ ದೊಡ್ಡ ಜಗಳವೇ ಆಗಿಹೋಯಿತು. ಕಾರಣ ಯಾವ ಸೂಪರ್‌ಸ್ಟಾರೂ ಅಲ್ಲ... ಒಂದು ಇಲಿ! ಹೆಸರು ಮಿಕ್ಕಿ ಮೌಸ್. ಚಿತ್ರ 'ಸ್ಟೀಮ್‌ಬೋಟ್ ವಿಲ್ಲಿ'. ಕಪ್ಪು-ಬಿಳುಪು, ಬರೀ ಏಳೆಂಟು ನಿಮಿಷ.

ಕಾರ್ಟೂನಿನ ಹುಚ್ಚು ಹತ್ತಿದ ನನ್ನ ಸೋದರಳಿಯ ಮೊಬೈಲಿನಲ್ಲಿ ಅದನ್ನು ಹಚ್ಚಿದ್ದ. "ಮಾಮಾ, ಜಗತ್ತಿನ ಮೊದಲ ಸೌಂಡ್ ಕಾರ್ಟೂನ್ ಇದು!" ಅಂದ. ಅಲ್ಲೋ ತಮ್ಮಾ! ಫ್ಲೈಷರ್ ಸಹೋದರರು 1924ರಿಂದಲೇ ಹಾಡಿನ ಕಾರ್ಟೂನು ಮಾಡಿದ್ದರು. ಆದರೆ ಜನರ ಮನಸ್ಸು ಗೆದ್ದದ್ದು ಈ ಇಲಿಯೇ.

1928ರಲ್ಲಿ ವಾಲ್ಟ್ ಡಿಸ್ನಿಯ ಕೈಯಿಂದ ಅವನ ಜನಪ್ರಿಯ ಮೊಲ 'ಓಸ್ವಾಲ್ಡ್' ಜಾರಿಹೋಗಿತ್ತು. ಹೊಸದಾಗಿ ಮಾಡಿದ ಎರಡು ಮಿಕ್ಕಿ ಮೂಕಿಗಳನ್ನು ಕೊಳ್ಳುವವರಿಲ್ಲ. ಮೂರನೆಯದಕ್ಕೆ ಸೌಂಡ್ ಜೋಡಿಸಲು ಹೊರಟರೆ ಮೊದಲ ಧ್ವನಿಮುದ್ರಣದಲ್ಲೇ ವಾದ್ಯದವರ ತಾಳ ತಪ್ಪಿತು! ಪುಣ್ಯಾತ್ಮ ಕಾರು ಮಾರಿಸಿ ದುಡ್ಡು ಹೊಂದಿಸಿ ಮತ್ತೆ ಮಾಡಿಸಿದ. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲೊನಿ ಥಿಯೇಟರಿನಲ್ಲಿ ತೆರೆ ಕಂಡಿತು. ನಮ್ಮ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ಬಂದದ್ದು 1934ರಲ್ಲಿ, ನೆನಪಿರಲಿ!

ಹೆಚ್ಚುಗಾರಿಕೆ ಏನಪಾ ಅಂದ್ರೆ, ತಾಳ. ನಮ್ಮ ಸೀಮೆಯ ಕುಲಗೋಡ ತಮ್ಮಣ್ಣನ 'ಶ್ರೀಕೃಷ್ಣ ಪಾರಿಜಾತ' ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸತ್ಯಭಾಮೆಯ ಹೆಜ್ಜೆ ಬೀಳುವುದಕ್ಕೂ ತಾಳ ಬೀಳುವುದಕ್ಕೂ ಕೂದಲೆಳೆಯ ಅಂತರವಿದ್ದರೂ ಮಂದಿ ಕೂಗುತ್ತಾರೆ! ಸೆಕೆಂಡಿಗೆ 24 ಫ್ರೇಮು. ಹನ್ನೆರಡು ಫ್ರೇಮಿಗೊಂದು ಪೆಟ್ಟು ಬಿದ್ದರೆ ಸೆಕೆಂಡಿಗೆ ಎರಡು. ಹೀಗೆ ಲೆಕ್ಕ ಹಾಕಿ ಅಬ್ ಐವರ್ಕ್ಸ್ ಮತ್ತು ಸಂಗಡಿಗರು ಕೈಯಲ್ಲೇ ಚಿತ್ರ ಬರೆದರು. ಮಿಕ್ಕಿ ಚುಕ್ಕಾಣಿ ಹಿಡಿದು ಸಿಳ್ಳೆ ಹಾಕಿದರೆ ಹಡಗೇ ಕುಣಿಯುತ್ತದೆ. ಮೇಕೆ ಹಾಡಿನ ಹಾಳೆ ತಿಂದುಬಿಡುತ್ತದೆ, ಅದರ ಬಾಲ ತಿರುವಿದರೆ ಬಾಯಿಂದ ಸಂಗೀತ! ಮಾತೇ ಬೇಕಿಲ್ಲ. ನಾನಂತೂ ಬಿದ್ದುಬಿದ್ದು ನಕ್ಕೆ.

ಅಷ್ಟರಲ್ಲಿ ಎಮ್ಮೆ ಹಿಂಡಿ ಬಂದ ಅವ್ವ ಹಿಂದೆ ನಿಂತಳು. ತೆರೆಯ ಮೇಲೆ ಮಿಕ್ಕಿ ಬೆಕ್ಕಿನ ಬಾಲ ಹಿಡಿದು ಗರಗರ ತಿರುಗಿಸಿದ. ಬಾತುಕೋಳಿಯ ಕತ್ತು ಹಿಚುಕಿದ. ಹಾಲು ಕುಡಿಯುತ್ತಿದ್ದ ಹಂದಿಮರಿಗಳ ಬಾಲ ಜಗ್ಗಿ ಕಿರುಚಿಸಿ ರಾಗ ತೆಗೆದ.

"ಕುಡಿಯೋ ಮರೀನ ಕಾಡ್ತಾನಲ್ಲೋ! ಇವನ್ಯಾವ ಸೀಮೆ ಹೀರೋನೋ?" ಅಂದಳು ಅವ್ವ.

"ಅದು ಗೊಂಬಿ ಚಿತ್ರ ಅಜ್ಜಿ, ನೋವಾಗೂದಿಲ್ಲ" ಅಂದ ಅಳಿಯ.

"ನೋವಾಗದಿದ್ರ ಒದರ್ತದ್ಯಾಕ?"

ಅಳಿಯನ ಬಾಯಿ ಬಂದ್! ನನ್ನದೂ!

ಅವ್ವ ಹಿಡಿದದ್ದು ಸರಿಯಾದ ಗಾಯವನ್ನೇ. ಚಿತ್ರದ ನಗುವಿನ ಅರ್ಧ ಪಾಲು ಬಂದದ್ದು ಮೂಕಪ್ರಾಣಿಗಳ ಸಂಕಟದಿಂದ. ಇನ್ನೊಂದು ಕೊರತೆ ಕಥೆ. ಶುರುವಿನಲ್ಲಿ ದೈತ್ಯ ಕ್ಯಾಪ್ಟನ್ ಪೀಟ್ ಮಿಕ್ಕಿಯನ್ನು ದಬಾಯಿಸುತ್ತಾನೆ. ಇನ್ನೇನು ಟಕ್ಕರ್ ಅಂದುಕೊಂಡರೆ ಚಿತ್ರ ಅದನ್ನು ಮರೆತು ಕಛೇರಿಗೆ ಕೂತುಬಿಡುತ್ತದೆ! ಕೊನೆಗೆ ನಾಯಕ ಆಲೂಗಡ್ಡೆ ಸುಲಿಯುತ್ತಾ ಕೂರುತ್ತಾನೆ. ನಾಯಕಿ ಮಿನ್ನಿಗೆ ಮೇಕೆಯ ಬಾಲ ತಿರುವುವುದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ.

ಹಾಗಾದರೆ ನೋಡಬೇಡವೇ? ನೋಡಲೇಬೇಕು! ತಾಳ ಕಲಿಯಲು ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಗುರುವಿನ ತಪ್ಪನ್ನೂ ಕಲಿಯಬೇಕೆಂದಿಲ್ಲವಷ್ಟೇ.

ರಾತ್ರಿ ಅಳಿಯ ತನ್ನ ನೋಟುಬುಕ್ಕು ತೆಗೆದ. ಅದರಲ್ಲೊಂದು ಎಮ್ಮೆ, ಅದರ ಬಾಲ ಜಗ್ಗುವ ಒಬ್ಬ ಹುಡುಗ. ರಬ್ಬರಿನಿಂದ ಹುಡುಗನ ಕೈ ಅಳಿಸಿ ಹೊಸದಾಗಿ ಬರೆದ. ಈಗ ಎಮ್ಮೆ ಕಾಲಿನಿಂದ ತಾಳ ಹಾಕುತ್ತದೆ, ಹುಡುಗ ಕುಣಿಯುತ್ತಾನೆ.

ಅವ್ವನಿಗೆ ತೋರಿಸಿದ. ಅವ್ವ ನಕ್ಕಳು!