ನೆತ್ತರಿನಲ್ಲಿ ತೇಲುವ ಜಿಡ್ಡು

ರಾಜಾಜಿನಗರದಿಂದ ಬಸವೇಶ್ವರನಗರ, ವಿಜಯನಗರಗಳನ್ನು ಹಾಯ್ದು ಕೆಂಗೇರಿಯವರೆಗೆ ಹಬ್ಬಿರುವ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಕ್ತಪರೀಕ್ಷೆಯ ಅಂಗಡಿಯಿಲ್ಲದ ದೊಡ್ಡ ಬೀದಿಯು ಈಗ ಅಪೂರ್ವವೆನ್ನಬಹುದು. ನಲವತ್ತು ದಾಟಿದ ಗೃಹಸ್ಥನು ಅಲ್ಲಿಂದ ತರುವ ಕಾಗದದಲ್ಲಿ ಮೊದಲು ಸಕ್ಕರೆಯ ಅಂಕವನ್ನೂ ಅನಂತರ ಕೊಲೆಸ್ಟರಾಲಿನ ಅಂಕವನ್ನೂ ನೋಡಿ, ಅವೆರಡೂ ನೆಟ್ಟಗಿದ್ದರೆ ಕಾಗದವನ್ನು ಮಡಿಸಿಡುತ್ತಾನೆ. ಟ್ರೈಗ್ಲಿಸರೈಡ್ ಎಂಬ ಸಾಲಿನ ಮೇಲೆ ಅವನ ಕಣ್ಣು ನಿಲ್ಲುವುದಿಲ್ಲ. ನಮ್ಮ ದೇಶದವರಲ್ಲಿ ಕೊಲೆಸ್ಟರಾಲಿನ ಅಂಕಕ್ಕಿಂತ ಹೆಚ್ಚಾಗಿ ಕೆಟ್ಟಿರುವುದಾದರೋ ಆ ಸಾಲೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಝಾರ್ಖಂಡ, ಚಂಡೀಗಢಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಕೊಲೆಸ್ಟರಾಲ್ ಮಿತಿಮೀರಿದ್ದವರು ನೂರಕ್ಕೆ ಸುಮಾರು 14 ಮಂದಿ. ಟ್ರೈಗ್ಲಿಸರೈಡ್ ಮಿತಿಮೀರಿದ್ದವರು ಸುಮಾರು 30 ಮಂದಿ. ಆ ನಾಲ್ಕರಲ್ಲಿ ಕರ್ನಾಟಕವಿರಲಿಲ್ಲ, ನಿಜ. ಆದರೆ ನೆರೆಯ ಎರಡು ನಾಡುಗಳ ಊಟವು ನಮ್ಮ ಊಟಕ್ಕಿಂತ ತೀರ ಭಿನ್ನವೆಂದು ಯಾರೂ ವಾದಿಸಲಾರರು.

ಈ ಪದಾರ್ಥದ ಸ್ವರೂಪವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಸರ್ಕಾರಿ ಸಾಬೂನು ಕಾರ್ಖಾನೆಯು 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಉಪನಗರಕ್ಕೆ ಬಂದು ನೆಲಸಿತು. ಈಗ ಅಲ್ಲಿನ ಮೆಟ್ರೊ ನಿಲ್ದಾಣವೂ ಅದರ ಹೆಸರನ್ನೇ ಹೊತ್ತಿದೆ. ಸಾಬೂನಿನ ವಿದ್ಯೆಯಾದರೂ ಏನು? ಎಣ್ಣೆಯನ್ನು ಕ್ಷಾರದೊಡನೆ ಕುದಿಸಿದರೆ ಅದು ಒಡೆಯುತ್ತದೆ. ಅದರೊಳಗಿನ ಕೊಬ್ಬಿನ ಆಮ್ಲಗಳು ಕ್ಷಾರವನ್ನು ಕೂಡಿ ಸಾಬೂನಾಗುತ್ತವೆ, ಗ್ಲಿಸರಿನ್ ಬೇರೆಯಾಗಿ ಉಳಿಯುತ್ತದೆ. ಗ್ಲಿಸರಿನ್ನಿನ ಒಂದು ಅಣುವಿಗೆ ಕೊಬ್ಬಿನ ಆಮ್ಲದ ಮೂರು ಅಣುಗಳು ಅಂಟಿಕೊಂಡಿರುವ ವಸ್ತುವೇ ಟ್ರೈಗ್ಲಿಸರೈಡು. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ತುಪ್ಪ, ಮನುಷ್ಯನ ಹೊಟ್ಟೆಯ ಬೊಜ್ಜು, ಇವೆಲ್ಲವೂ ಬಹುಮಟ್ಟಿಗೆ ಅದೇ. ಕಾರ್ಖಾನೆಯಲ್ಲಿ ಕ್ಷಾರವು ಮಾಡುವ ಕೆಲಸವನ್ನೇ ಹೋಲುವ ಕೆಲಸವನ್ನು ನಮ್ಮ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ರಸವು ಸದ್ದಿಲ್ಲದೆ ನಡೆಸುತ್ತದೆ. ಒಡೆದ ತುಣುಕುಗಳು ಕರುಳಿನ ಗೋಡೆಯೊಳಗೆ ಮತ್ತೆ ಕೂಡಿಕೊಂಡು, ಸಣ್ಣ ಸಣ್ಣ ಹನಿಗಳಾಗಿ, ಹಾಲುರಸದ ನಾಳಗಳ ಮೂಲಕ ರಕ್ತವನ್ನು ಸೇರುತ್ತವೆ.

ಇದು ವಿಷವೆಂದು ತಿಳಿಯುವುದು ತಪ್ಪು. ಇದು ದೇಹದ ಕಣಜ. ಒಂದು ಗ್ರಾಂ ಪಿಷ್ಟವು 4 ಕ್ಯಾಲೊರಿ ಕೊಟ್ಟರೆ ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ. ಸಾಧಾರಣ ಮೈಕಟ್ಟಿನ ಮನುಷ್ಯನ ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಶೇಖರವಾಗಿರುವ ಸಕ್ಕರೆಯು ಒಂದು ದಿನದ ಖರ್ಚಿಗೆ ಸಾಲುವಷ್ಟು. ಕೊಬ್ಬಿನಲ್ಲಿ ಕೂಡಿಟ್ಟಿರುವುದು ಒಂದು ಲಕ್ಷ ಕ್ಯಾಲೊರಿಗೂ ಮೇಲು. ಕ್ಷಾಮಗಳನ್ನು ಕಂಡ ನಮ್ಮ ಹಿರಿಯರನ್ನು ಉಳಿಸಿದ ಗುಣಗಳಲ್ಲಿ ಈ ಉಗ್ರಾಣವೂ ಒಂದು. ಕೇಡು ಬರುವುದು ತುಂಬುವವರು ಹೆಚ್ಚಾಗಿ, ತೆಗೆದು ಬಳಸುವವರು ಇಲ್ಲದಾಗ. ಆಗ ಸರಕು ಕಣಜದಲ್ಲಿ ನಿಲ್ಲದೆ ದಾರಿಯಲ್ಲೇ, ಎಂದರೆ ರಕ್ತದಲ್ಲಿ, ಸುತ್ತುತ್ತಿರುತ್ತದೆ.

ತುಂಬುವವರು ಯಾರು? ಇಲ್ಲಿಯೇ ನಮ್ಮ ಜನರ ದೊಡ್ಡ ಭ್ರಮೆಯಿರುವುದು. ಜಿಡ್ಡು ಹೆಚ್ಚಿದೆಯೆಂದು ಕೇಳಿದೊಡನೆ ಮನೆಯಲ್ಲಿ ತುಪ್ಪದ ಬಟ್ಟಲು ಮಾಯವಾಗುತ್ತದೆ. ಅನ್ನದ ರಾಶಿ ಮಾತ್ರ ಇದ್ದಷ್ಟೇ ಇರುತ್ತದೆ, ಕಾಫಿಯ ಸಕ್ಕರೆಯೂ ಇದ್ದಷ್ಟೇ. ಆದರೆ ಊಟದಲ್ಲಿ ಎಣ್ಣೆಯ ಹನಿಯಿಲ್ಲದಿದ್ದರೂ ಯಕೃತ್ತು ಮಿಕ್ಕ ಪಿಷ್ಟದಿಂದ, ಸಕ್ಕರೆಯಿಂದ ತಾನೇ ಕೊಬ್ಬನ್ನು ತಯಾರಿಸಿ ರಕ್ತಕ್ಕೆ ರವಾನಿಸಬಲ್ಲುದು. ಮದ್ಯವು ಆ ತಯಾರಿಕೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಮೇಲೆ ಹೇಳಿದ ಮಂಡಳಿಯದೇ ಸಮೀಕ್ಷೆಯೊಂದರ 2025ರ ವರದಿಯಂತೆ, ಭಾರತೀಯನು ಆಹಾರದಿಂದ ಪಡೆಯುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಪಿಷ್ಟ ಮತ್ತು ಸಕ್ಕರೆಗಳಿಂದ ಬರುತ್ತದೆ. ರಾಗಿಮುದ್ದೆಯ ಅಭಿಮಾನಿಗಳು ನಮ್ಮ ಮೇಲೆ ಸಿಟ್ಟಾಗಬಾರದು: ನಾರಿನ ವಿಷಯದಲ್ಲಿ ಅದು ಬಿಳಿಯ ಅಕ್ಕಿಗಿಂತ ಮೇಲೆಂಬುದು ದಿಟ, ಆದರೆ ಮುದ್ದೆಯೂ ಪಿಷ್ಟವೇ. ನೇಗಿಲು ಹಿಡಿದವನಿಗೆ ಹೊಂದಿದ ಎರಡು ಮುದ್ದೆ ಗುಮಾಸ್ತೆಯ ಕುರ್ಚಿಗೆ ಹೊಂದುವುದಿಲ್ಲ.

ರಕ್ತದಲ್ಲಿ ಸುತ್ತುವ ಹನಿಗಳನ್ನು ಬಿಡಿಸಿಕೊಳ್ಳುವ ಕಿಣ್ವವೊಂದು ಸೂಕ್ಷ್ಮ ರಕ್ತನಾಳಗಳ ಒಳಗೋಡೆಯಲ್ಲಿದೆ. ಮಾಂಸಖಂಡಗಳು ದುಡಿದರೆ ಅಲ್ಲಿ ಅದು ಹೆಚ್ಚುತ್ತದೆ. ಕುಳಿತೇ ಇದ್ದರೆ ಕುಗ್ಗುತ್ತದೆ. ತೆಳ್ಳಗಿರುವವರು ತಮಗೆ ಈ ಮಾತು ಸಲ್ಲದೆಂದು ನಿಶ್ಚಿಂತರಾಗಬಾರದು. ಪುಣೆಯ ವೈದ್ಯ ಯಾಜ್ಞಿಕರೂ ಇಂಗ್ಲೆಂಡಿನ ಯಡ್ಕಿನ್ನರೂ 2004ರಲ್ಲಿ ತಮ್ಮಿಬ್ಬರ ಭಾವಚಿತ್ರವನ್ನೇ ಲಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕದ ಪ್ರಮಾಣವು ಇಬ್ಬರಲ್ಲೂ ಒಂದೇ, 22.3. ಮೈಯಲ್ಲಿನ ಕೊಬ್ಬಾದರೋ ಯಡ್ಕಿನ್ನರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ಆದುದರಿಂದ ನಮ್ಮವರು ತಕ್ಕಡಿಗಿಂತ ದರ್ಜಿಯ ಟೇಪನ್ನು ನಂಬುವುದು ಲೇಸು. ಸೊಂಟದ ಸುತ್ತಳತೆಯು ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರನ್ನು ಮೀರಿದರೆ ಎಚ್ಚರಗೊಳ್ಳತಕ್ಕದ್ದು.

ಉಪವಾಸದ ರಕ್ತದಲ್ಲಿ ಡೆಸಿಲೀಟರಿಗೆ 150 ಮಿಲಿಗ್ರಾಮಿನ ಒಳಗಿದ್ದರೆ ಸರಿ. 200 ಮುಟ್ಟಿದರೆ ಅಧಿಕ. 500 ಮುಟ್ಟಿದರೆ ಅತ್ಯಧಿಕ. ಈ ಏರಿಕೆಗೂ ಹೃದ್ರೋಗಕ್ಕೂ ನಂಟಿರುವುದು ನಿಶ್ಚಯ. ಆದರೆ ಗುಳಿಗೆಯಿಂದ ಅಂಕವನ್ನು ಇಳಿಸಿದ ಮಾತ್ರಕ್ಕೆ ಹೃದಯವು ಕ್ಷೇಮವಾಗುವುದೆಂಬ ಭರವಸೆಯಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಮಧುಮೇಹಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೆಮಾಫೈಬ್ರೇಟ್ ಎಂಬ ಔಷಧವು ಟ್ರೈಗ್ಲಿಸರೈಡನ್ನು ಕಾಲು ಭಾಗದಷ್ಟು ತಗ್ಗಿಸಿತು, ಹೃದಯಾಘಾತಗಳು ತಗ್ಗಲಿಲ್ಲ. ಮೀನೆಣ್ಣೆಯಿಂದ ಶುದ್ಧಿಗೊಳಿಸಿದ ಔಷಧವೊಂದು 2018ರಲ್ಲಿ ಸಫಲವಾಯಿತು. ಅದೇ ಜಾತಿಯ ಇನ್ನೊಂದು 2020ರಲ್ಲಿ ವಿಫಲವಾಯಿತು. ಹೀಗಿರುವಾಗ ಅಂಗಡಿಯಿಂದ ಮೀನೆಣ್ಣೆಯ ಗುಳಿಗೆ ತಂದು ನುಂಗಿ ಮಿಠಾಯಿಗೆ ಕೈಹಾಕುವವರನ್ನು ಕಂಡರೆ ನಮಗೆ ಮರುಕವಾಗುತ್ತದೆ. ಈ ಅಂಕವು ಬಹುಮಟ್ಟಿಗೆ ಸಾಕ್ಷಿಯ ಸ್ಥಾನದಲ್ಲಿದೆ: ಇನ್ಸುಲಿನ್ನಿನ ಮಾತನ್ನು ದೇಹವು ಕೇಳುತ್ತಿಲ್ಲವೆಂದು, ಯಕೃತ್ತಿನಲ್ಲಿ ಕೊಬ್ಬು ತುಂಬುತ್ತಿದೆಯೆಂದು, ಕೆಲವೊಮ್ಮೆ ಥೈರಾಯ್ಡ್ ಅಥವಾ ಮೂತ್ರಪಿಂಡ ಕೆಟ್ಟಿದೆಯೆಂದು ಅದು ನುಡಿಯುತ್ತದೆ. ಸಾಕ್ಷಿಯ ಬಾಯಿ ಮುಚ್ಚಿಸುವುದರಿಂದ ಅಪರಾಧವು ಅಳಿಯದು.

ಇದಕ್ಕೊಂದು ಅಪವಾದವುಂಟು, ಅದು ಪ್ರಾಣದ ಮಾತು. ಅಂಕವು ಸಾವಿರವನ್ನು ಮೀರಿದಾಗ ರಕ್ತದ ತಿಳಿಯು ಹಾಲಿನಂತೆ ಬೆಳ್ಳಗಾಗಬಹುದು. ಮೇದೋಜೀರಕ ಗ್ರಂಥಿಯೊಳಗೇ ಆ ಜಿಡ್ಡು ಒಡೆದು ಗ್ರಂಥಿಯನ್ನು ಸುಡುವ ಭಯವಿರುತ್ತದೆ. ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಇರಿಯುವ ನೋವು, ಜೊತೆಗೆ ನಿಲ್ಲದ ವಾಂತಿ, ಇವನ್ನು ‘ಗ್ಯಾಸ್ಟ್ರಿಕ್’ ಎಂದು ಹೆಸರಿಟ್ಟು ಸೋಡಾ ಕುಡಿದು ಮಲಗುವ ವಾಡಿಕೆ ನಮ್ಮ ನಗರದಲ್ಲಿ ಬಲವಾಗಿದೆ. ಅಂಥ ನೋವಿಗೆ ಆ ರಾತ್ರಿಯೇ ಆಸ್ಪತ್ರೆ ಬೇಕು. ಅಂಕವು ಇಷ್ಟು ಏರಿದವರು ಔಷಧವನ್ನೂ ತೆಗೆದುಕೊಳ್ಳತಕ್ಕದ್ದು, ಮದ್ಯವನ್ನೂ ಬಿಡತಕ್ಕದ್ದು, ತುಪ್ಪ ಎಣ್ಣೆಗಳನ್ನೂ ನಿಜವಾಗಿಯೇ ಕಟ್ಟುನಿಟ್ಟಾಗಿ ಕಡಿಮೆ ಮಾಡತಕ್ಕದ್ದು.

ಇನ್ನು ಅಧಿಕಾರಿಗಳಲ್ಲಿ ಎರಡು ಮಾತು. ವನಸ್ಪತಿಯ ವಿರುದ್ಧ ಗಾಂಧೀಜಿಯವರು 1940ರ ದಶಕದಲ್ಲಿಯೇ ದನಿಯೆತ್ತಿದ್ದರು. ಅಂಥ ಎಣ್ಣೆಗಳಲ್ಲಿನ ಕೃತಕ ಟ್ರಾನ್ಸ್ ಕೊಬ್ಬಿಗೆ ಸರ್ಕಾರವು ನೂರಕ್ಕೆ 2ರ ಮಿತಿಯನ್ನು ಜಾರಿಗೆ ತಂದುದು 2022ರಲ್ಲಿ. ಒಳ್ಳೆಯ ಮಾತು ಕಾನೂನಾಗಲು ಇಷ್ಟು ಕಾಲ ಹಿಡಿಯಬಾರದು. 2025ರಲ್ಲಿ ರಚಿತವಾದ ಬೆಂಗಳೂರು ಪಶ್ಚಿಮ ನಗರಪಾಲಿಕೆಯು ಮಾಗಡಿ ರಸ್ತೆ, ಕಾರ್ಡ್ ರಸ್ತೆಗಳ ಕಾಲುದಾರಿಗಳನ್ನು ವಾಹನಗಳಿಂದಲೂ ಜಲ್ಲಿಯ ಗುಡ್ಡೆಗಳಿಂದಲೂ ಬಿಡಿಸಿಕೊಟ್ಟರೆ ಅದೊಂದು ವೈದ್ಯಕೀಯ ಸೇವೆಯೇ ಆದೀತು: ಒಂದು ಸಂಜೆ ಒಂದೂವರೆ ಗಂಟೆ ಬಿರುಸಾಗಿ ನಡೆದವನ ರಕ್ತದಲ್ಲಿ ಮರುದಿನದ ಊಟದ ಅನಂತರ ಏರುವ ಜಿಡ್ಡು ಕಡಿಮೆಯಾಗುವುದೆಂದು ಪ್ರಯೋಗಗಳಿಂದ ಗೊತ್ತಾಗಿದೆ. ಕಚೇರಿಗಳ ಉಪಾಹಾರಗೃಹಗಳಲ್ಲಿ ಸಕ್ಕರೆಯನ್ನು ಬೆರೆಸದೆ ಬೇರೆಯಾಗಿ ಕೊಡುವ ಏರ್ಪಾಡಿಗಂತೂ ಯಾವ ಅನುದಾನವೂ ಬೇಕಾಗಿಲ್ಲ. ಮುಖ್ಯಾಧಿಕಾರಿಯ ಒಂದು ಸಾಲಿನ ಸುತ್ತೋಲೆ ಸಾಕು.